ಚಪ್ಪರದ ಹೊರಗೆ ನಿಂತ ಪಿಕಪ್ಪು

ಇದನ್ನು ಹೇಳುವುದನ್ನು ನಾನು ಬಹಳ ಕಾಲ ಮುಂದಕ್ಕೆ ತಳ್ಳಿಕೊಂಡು ಬಂದೆ. ಅಪ್ಪ ಇರುವ ತನಕ ಬೇಡ ಅಂದುಕೊಂಡೆ, ಅಪ್ಪ ಹೋದರು. ಸೋದರತ್ತೆಯ ಕಿವಿಗೆ ಬೀಳುವುದು ಬೇಡ ಅಂದುಕೊಂಡೆ, ಅತ್ತೆಯೂ ಹೋದಳು. ಈಗ ನೆಪ ಹೇಳುವುದಕ್ಕೆ ಯಾರೂ ಉಳಿದಿಲ್ಲ. ಹೀಗಿರುವಾಗ ಈ ಬೇಸಿಗೆಯಲ್ಲಿ ನನ್ನ ಮಗಳ ಮಗ ಚೇತನ, ಮುಚ್ಚಿಹೋದ ನಮ್ಮ ಆಲೆಮನೆಯ ಹಿಂದಿನ ಕೊಟ್ಟಿಗೆಯಿಂದ ಹಳೆಯ ಪಿಕಪ್ಪನ್ನು ಟ್ರ್ಯಾಕ್ಟರಿಗೆ ಸರಪಳಿ ಕಟ್ಟಿ ಮನೆಯಂಗಳಕ್ಕೆ ಎಳೆದು ತಂದ. ಅವನು ಮದ್ದೂರಿನ ಗ್ಯಾರೇಜೊಂದರಲ್ಲಿ ಕೆಲಸ ಮಾಡುತ್ತಾನೆ, ಕೈ ಸುಮ್ಮನಿರುವುದಿಲ್ಲ. ಮೇಲೆ ಮುಚ್ಚಿದ್ದ ಕಬ್ಬಿನ ಸೋಗೆ ತೆಗೆದು, ಹಾವಿದೆಯೇನೋ ಎಂದು ಕೋಲಿನಿಂದ ತಟ್ಟಿ ನೋಡಿ, ಮುಂದಿನ ಸೀಟನ್ನು ಕಿತ್ತು ಹೊರಗೆಸೆದ. ಆಗ ಒಂದು ವಾಸನೆ ಎದ್ದಿತು. ತುಕ್ಕು, ಇಲಿಯ ಗೂಡು, ಗಟ್ಟಿಯಾಗಿ ಹೋದ ಗ್ರೀಸು, ಇವೆಲ್ಲದರ ಅಡಿಯಲ್ಲಿ ಎಲ್ಲೋ ಸಣ್ಣಗೆ ಹಳೆ ಬೆಲ್ಲ. ನಾನು ಜಗುಲಿಯ ಮೇಲೆ ಕುಳಿತಿದ್ದವನು ಗೋಡೆ ಹಿಡಿದುಕೊಂಡೆ.

“ಏನ್ ತಾತ, ಗಾಡೀನ ದೆವ್ವ ನೋಡ್ದಂಗೆ ನೋಡ್ತೀಯಾ?” ಎಂದು ಅವನು ನಕ್ಕ. “ನೋಡ್ತಾ ಇರು, ಹಂಗೆ ಮದಲಗಿತ್ತಿ ಮಾಡ್ಬುಡ್ತೀನಿ ಇದನ್ನ. ಮದ್ವೆಗೆ ಮುಂಚೆ ಹುಡ್ಗ ಹುಡ್ಗಿ ಫೋಟೋ ತೆಗೆಸ್ಕತಾರಲ್ಲ, ಅವ್ರಿಗೆ ಬಾಡಿಗೆಗೆ ಕೊಡದು. ಇಂತಾ ಗಾಡಿ ಈ ಕಡೆ ಯಾರತ್ರ ಅದೆ ಹೇಳು?”

ನಿಜ, ಯಾರ ಹತ್ತಿರವೂ ಇಲ್ಲ. ಆಗಲೂ ಇರಲಿಲ್ಲ. ಮದ್ದೂರು ತಾಲ್ಲೂಕಿನ ಕೊಪ್ಪದ ಕಡೆಯ ನಮ್ಮ ಊರಿನಲ್ಲಿ ಆಗ ಎತ್ತಿನ ಗಾಡಿ, ಒಂದೆರಡು ಸೈಕಲ್ಲು, ಅಷ್ಟೆ. ಅಪ್ಪ ಮಿಲಿಟರಿಯವರ ಹರಾಜಿನಲ್ಲಿ ಹಿಡಿದ ಈ ಪಿಕಪ್ಪು ಊರೊಳಗೆ ಬಂದ ದಿನ ಎಮ್ಮೆಗಳು ಗೂಟ ಕಿತ್ತುಕೊಂಡು ಓಡಿದ್ದವು. ಅಜ್ಜಿ ಆರತಿ ತಟ್ಟೆ ಹಿಡಿದು ಬಂದು, ಇದಕ್ಕೆ ಹಣೆ ಎಲ್ಲಿ ಎಂದು ತಿಳಿಯದೆ, ಎರಡು ದೀಪಗಳ ನಡುವೆ ಕುಂಕುಮವಿಟ್ಟಿದ್ದಳು. ನಮ್ಮದು ತೊಟ್ಟಿಮನೆ. ನಡುವಿನ ತೊಟ್ಟಿಯಲ್ಲಿ ಬಿಸಿಲು ಬಂದು ಬಿದ್ದು, ಕಂಬದಿಂದ ಕಂಬಕ್ಕೆ ಸರಿದು, ಸಂಜೆಗೆ ಅಡುಗೆಮನೆಯ ಬಾಗಿಲಲ್ಲಿ ಹೊರಟುಹೋಗುತ್ತಿತ್ತು. ಆಲೆ ಆಡುವ ತಿಂಗಳುಗಳಲ್ಲಿ ಆ ಮನೆಯ ಗೋಡೆ, ಹಾಸಿಗೆ, ಅಮ್ಮನ ಸೆರಗು, ಎಲ್ಲವೂ ಕಾದ ಹಾಲಿನ ಪರಿಮಳದಲ್ಲಿ ಮುಳುಗಿರುತ್ತಿದ್ದವು. ಕಬ್ಬಿನ ಹಾಲಿನ ಪರಿಮಳ. ಹಾಗೆ ಕಾಯಿಸಿ ಅಚ್ಚಿಗೆ ಹೊಯ್ದ ಬೆಲ್ಲವನ್ನು ಪಿಕಪ್ಪಿನ ಬೆನ್ನಿಗೆ ಹೇರಿ ಮಂಡ್ಯದ ಮಂಡಿಗೆ ಕಳಿಸುತ್ತಿದ್ದರು. ಈಗ ತೊಟ್ಟಿಮನೆ ಇಲ್ಲ. ಆ ಜಾಗದಲ್ಲಿ ಮಗಳ ತಾರಸಿ ಮನೆ ಇದೆ. ನಿಮಗೂ ಅಂಥ ಮನೆಯೊಂದು ಇದ್ದಿರಬಹುದು. ಇದ್ದರೆ, ಮನೆ ಹೋದ ಮೇಲೂ ಅದರ ವಾಸನೆ ಎಲ್ಲೋ ಒಂದು ಸೀಟಿನ ಅಡಿಯಲ್ಲಿ ಬದುಕಿರುತ್ತದೆ ಎಂಬುದನ್ನು ನೀವು ನಂಬುತ್ತೀರಿ.

ಗಾಡಿಯನ್ನು ಓಡಿಸುತ್ತಿದ್ದವರು ನಮ್ಮೂರಿನ ಕೆಳಗಿನ ಕೇರಿಯವರು. ಮಿಲಿಟರಿಯಲ್ಲಿ ಲಾರಿ ಓಡಿಸಿ ಬಂದಿದ್ದರು. ಅಪ್ಪನಿಗಿಂತ ವಯಸ್ಸಿನಲ್ಲಿ ದೊಡ್ಡವರು, ಆದರೂ ನಮ್ಮ ಮನೆಯಲ್ಲಿ ಚೋಟುದ್ದದ ನಾನೂ ಸೇರಿದಂತೆ ಎಲ್ಲರೂ ಅವರನ್ನು “ಬಾರೋ, ಹೋಗೋ” ಎನ್ನುತ್ತಿದ್ದೆವು. ಅವರು ನನ್ನನ್ನು “ಚಿಕ್ಕೌಡ್ರೇ” ಎಂದು ಕರೆಯುತ್ತಿದ್ದರು. ಅದರಲ್ಲಿ ಅರ್ಧ ಮರ್ಯಾದೆ, ಅರ್ಧ ತಮಾಷೆ. ಬೆಳಿಗ್ಗೆ ಅಪ್ಪ ಹೊಸಿಲ ಒಳಗೆ ನಿಂತು ಗಾಡಿಯ ಕೀಯನ್ನು ಅವರ ಅಂಗೈಗೆ ಮೇಲಿನಿಂದ ಬಿಡುತ್ತಿದ್ದರು, ಕೈಗೆ ಕೈ ತಾಗದ ಹಾಗೆ. ಆಮೇಲೆ ಅದೇ ಅಪ್ಪ ಅವರ ಪಕ್ಕದ ಸೀಟಿನಲ್ಲಿ ಭುಜಕ್ಕೆ ಭುಜ ಒರಸಿಕೊಂಡು ಮಂಡ್ಯಕ್ಕೆ ಹೋಗುತ್ತಿದ್ದರು. ಗಾಡಿಯೊಳಗೆ ನಡೆಯುತ್ತಿದ್ದದ್ದು ಮನೆ ಬಾಗಿಲಲ್ಲಿ ನಡೆಯುತ್ತಿರಲಿಲ್ಲ. ಅದು ವಿಚಿತ್ರವೆಂದು ಯಾರಿಗೂ ಅನಿಸಲಿಲ್ಲ, ನನಗೂ ಅನಿಸಲಿಲ್ಲ.

ಅಪ್ಪನ ತಮ್ಮ, ನನ್ನ ಚಿಕ್ಕಪ್ಪ, ಆಗ ಹುರಿಮೀಸೆ ಬಿಟ್ಟ ಹುಡುಗ. ನಗುವುದಕ್ಕೆ ಕಾರಣವೇ ಬೇಕಿರಲಿಲ್ಲ ಅವನಿಗೆ. ಒಕ್ಕಣೆಯ ಕಣದಲ್ಲಿ ಸುತ್ತು ಹೊಡೆಸಿ ಹೊಡೆಸಿ ಅವನಿಗೆ ಗಾಡಿ ಕಲಿಸಿದ್ದು ಆ ಡ್ರೈವರೇ. “ಗೌಡ್ರೇ, ಇದು ಎತ್ತಲ್ಲ, ಬಾಲ ಮುರುದ್ರೆ ಓಡಕಿಲ್ಲ” ಎಂದು ಅವರು ಅಂದರೆ, ಚಿಕ್ಕಪ್ಪ “ನೀ ಸುಮ್ಕಿರ್ಲಾ, ಇದ್ರ ಅಪ್ಪನ್ನೂ ಓಡಿಸ್ತೀನಿ” ಎನ್ನುತ್ತಿದ್ದ. ಕಣ ಬಿಟ್ಟು ರಸ್ತೆಗೆ ಅವನನ್ನು ಅವರು ಇಳಿಸಿದ್ದು ಕಡಿಮೆ. ಇಳಿಜಾರಿಗಂತೂ ಇಳಿಸಿಯೇ ಇರಲಿಲ್ಲ.

ಅಪ್ಪನ ತಂಗಿ, ನನ್ನ ಅತ್ತೆಯ ಮದುವೆ ನಮ್ಮ ಮನೆಯ ಮುಂದೆಯೇ ಆಯಿತು. ತೆಂಗಿನ ಗರಿಯ ಚಪ್ಪರ, ಅದರಡಿ ನೆಂಟರು. ಗಂಡಿನವರು ಮಳವಳ್ಳಿಯ ಕಡೆಯವರು. ಎತ್ತಿನ ಗಾಡಿಗಳಲ್ಲಿ ಬಂದಿದ್ದರು. ಹೆಣ್ಣನ್ನು ಮಾತ್ರ ಪಿಕಪ್ಪಿನಲ್ಲೇ ಕಳಿಸಬೇಕೆಂದು ಅಪ್ಪನಿಗೆ ಆಸೆ. ಡ್ರೈವರು ಬೆಳಗಿನಿಂದಲೇ ಗಾಡಿ ತೊಳೆದು, ಬಾಳೆಕಂದು ಕಟ್ಟಿ, ಚಪ್ಪರದಿಂದ ದೂರಕ್ಕೆ, ಹೊಂಗೆ ಮರದ ಕೆಳಗೆ ನಿಲ್ಲಿಸಿಕೊಂಡು ಕಾದಿದ್ದರು. ಧಾರೆಯಾದ ಮೇಲೆ ಗಂಡಿನ ಕಡೆಯ ಹಿರಿಯರೊಬ್ಬರು ಎಲೆಅಡಿಕೆ ಅಗಿಯುತ್ತಾ ಅಪ್ಪನನ್ನು ಕೇಳಿದರು: “ಒಸ ಎಣ್ಣು ಕೂತಿರೋ ಗಾಡೀನ ಅವನು ಓಡಿಸ್ಕಬತ್ತಾನಾ ಗೌಡ್ರೇ? ನಮ್ಮನೆ ಬಾಗ್ಲಿಗೆ ಬಂದು ಅವನು ನಿಂತ್ಕಂಡ್ರೆ ನಮ್ಮೂರೋರು ಏನಂದಾರು?” ಅಪ್ಪ ಹೊಂಗೆ ಮರದ ಕಡೆ ನೋಡಿದರು. ಚಿಕ್ಕಪ್ಪ ಎದ್ದು ನಿಂತು, “ಅದ್ಯಾಕೆ ಅಷ್ಟ್ ಯೋಚ್ನೆ? ನಾನಿಲ್ವಾ?” ಎಂದ. ಎಲ್ಲರಿಗೂ ಹಗುರವಾಯಿತು. ಡ್ರೈವರಿಗೆ ಹೇಳಿ ಕಳಿಸಿದರು: ನಿನ್ನ ಕೆಲಸ ಆಯ್ತು, ಕೀ ಗಾಡಿಯಲ್ಲೇ ಬಿಟ್ಟು ಹಿತ್ತಲ ಕಡೆ ಹೋಗಿ ಕೂತಿರು, ಊಟ ಕೊಡ್ತಾರೆ.

ಆ ಮಾತನ್ನು ಅವರಿಗೆ ಮುಟ್ಟಿಸಿದವನು ನಾನೇ. ಅವರು ಕೇಳಿಸಿಕೊಂಡು ಪಿಕಪ್ಪಿನ ಚಕ್ರದ ಕಡೆ ನೋಡಿದರು. ಆಮೇಲೆ ನನ್ನ ಎತ್ತರಕ್ಕೆ ಬಗ್ಗಿದರು.

“ಚಿಕ್ಕೌಡ್ರೇ, ನಿಮ್ಮಪ್ಪೋರ್ಗೆ ಒಂದ್ ಮಾತು ಏಳಿ. ಬ್ರೇಕು ತುಳುದ್ರೆ ತಳಕ್ಕೇ ಓಯ್ತದೆ. ಎಣ್ಣೆ ಸೋರೋಗದೆ, ಬೆಳಿಗ್ಗೆ ತೊಳೆಯೋವಾಗ ಕಂಡೆ. ನಾನಾದ್ರೆ ಗೇರಲ್ಲಿ ಇಡ್ಕಂಡು ಎಂಗೋ ಓಯ್ತಿದ್ದೆ, ಚಿಕ್ಕಪ್ಪೋರ್ಗೆ ಆಗಕಿಲ್ಲ. ಮದ್ದೂರಿಂದ ರಬ್ಬರು ತಂದು ಆಕೋಗಂಟ ಎತ್ತಬ್ಯಾಡಿ ಅನ್ನಿ. ಎಣ್ಣನ್ನ ಎತ್ತಿನ ಗಾಡೀಲೇ ಕಳಿಸ್ಲಿ. ಮರೀಬ್ಯಾಡಿ ಕಣಪ್ಪಾ, ನಾನು ಚಪ್ಪರದೊಳಕ್ಕೆ ಬರಂಗಿಲ್ಲ.”

ನಾನು ತಲೆಯಾಡಿಸಿ ಓಡಿದೆ. ನೆಂಟರ ಕಾಲುಗಳ ನಡುವೆ ನುಸುಳಿ ಅಪ್ಪನ ಹತ್ತಿರ ಹೋಗಿ ನಿಂತೆ. ಅಪ್ಪ ಅತ್ತೆಯ ಮಡಿಲಕ್ಕಿಯ ಹತ್ತಿರ ಏನೋ ಹುಡುಕುತ್ತಿದ್ದರು. “ಏನ್ಲಾ?” ಎಂದರು. ನಾನು ಮರೆತಿರಲಿಲ್ಲ. ಮರೆತೆ ಎಂದು ನನಗೆ ನಾನೇ ವರ್ಷಗಟ್ಟಲೆ ಹೇಳಿಕೊಂಡೆ, ಆದರೆ ಮರೆತಿರಲಿಲ್ಲ. ಪಿಕಪ್ಪಿನ ಬೆನ್ನಲ್ಲಿ ನಿಂತು, ಇಸ್ಕೂಲಿನ ಮುಂದೆ ಹಾದು, ಬೆಸಗರಹಳ್ಳಿ ದಾಟಿ ಮಳವಳ್ಳಿ ಸೀಮೆಗೆ ಹೋಗುತ್ತೇನೆಂದು ನಾನು ಹುಡುಗರಿಗೆಲ್ಲ ಹೇಳಿಕೊಂಡಿದ್ದೆ. ಈ ಮಾತು ಬಾಯಿಂದ ಬಿದ್ದರೆ ಎತ್ತಿನ ಗಾಡಿ. ಬ್ರೇಕು ಎಂದರೇನೆಂದು ನನಗೆ ಸರಿಯಾಗಿ ಗೊತ್ತಿರಲಿಲ್ಲ. ಎತ್ತಿನ ಗಾಡಿ ಎಂದರೇನೆಂದು ಚೆನ್ನಾಗಿ ಗೊತ್ತಿತ್ತು.

“ಏನಿಲ್ಲಪ್ಪ,” ಎಂದೆ.

ಮುಂದೆ ಅತ್ತೆ, ಹೊಸ ಮಾವ, ಚಿಕ್ಕಪ್ಪ. ಹಿಂದೆ ಟ್ರಂಕು, ಹಾಸಿಗೆ ಸುರುಳಿ, ನಾನು. ಗಾಡಿ ಹೊರಟಿತು. ಹಿತ್ತಲಿನಲ್ಲಿ ಊಟಕ್ಕೆ ಕಾದು ಕೂತಿದ್ದ ಡ್ರೈವರು ಇಂಜಿನ್ನಿನ ಸದ್ದು ಕೇಳಿ ಎದ್ದು ಓಡಿ ಬಂದರು. ಹೆಗಲ ಮೇಲಿನ ಟವಲನ್ನು ಕೈಯಲ್ಲಿ ಎತ್ತಿ ಬೀಸುತ್ತಾ, ಏನೋ ಕೂಗುತ್ತಾ, ಗಾಡಿಯ ಧೂಳಿನಲ್ಲಿ ಓಡಿದರು. ಚಿಕ್ಕಪ್ಪ ಕಿಟಕಿಯಿಂದ ತಲೆ ಹಾಕಿ ಹಿಂದಕ್ಕೆ ನೋಡಿ ನಕ್ಕು ಕೂಗಿದ: “ನೋಡ್ಲಾ ಅವನ! ಗಾಡೀನ ಬುಟ್ಟು ಕಳಿಸಕ್ಕೆ ಮನಸೇ ಬತ್ತಿಲ್ಲ, ಹೆತ್ತ ಮಗಳು ಹೊರಟಂಗೆ ಅಳ್ತವ್ನೆ!” ಚಪ್ಪರದ ಬಾಯಲ್ಲಿ ನಿಂತವರೂ ನಕ್ಕರು. ಓಡಿ ಬರುತ್ತಿದ್ದ ಡ್ರೈವರ ಮುಖ ಕಾಣುತ್ತಿದ್ದದ್ದು ನನಗೊಬ್ಬನಿಗೆ. ಅವರು ಕೂಗುತ್ತಿದ್ದದ್ದು ನನ್ನನ್ನು. ನಾನು ಮುಂದಕ್ಕೆ ತಿರುಗಿ ನಿಂತೆ. ಗಾಳಿ ಮುಖಕ್ಕೆ ಹೊಡೆಯಿತು. ಇಸ್ಕೂಲಿನ ಹುಡುಗರು ಹೋ ಎಂದರು. ಅಂಥ ಸಂತೋಷವನ್ನು ನಾನು ಆಮೇಲೆ ಕಾಣಲಿಲ್ಲ.

ಮದ್ದೂರು ದಾಟಿದ ಮೇಲೆ ಒಂದು ಇಳಿಜಾರು. ಅದರ ಬುಡದಲ್ಲಿ ನಾಲೆಯ ಸೇತುವೆ. ಚಿಕ್ಕಪ್ಪ “ಅಯ್ಯೋ” ಎಂದದ್ದು ಕೇಳಿಸಿತು. ಆಮೇಲೆ ಆಕಾಶ ಒಂದು ಸಲ ಕಾಲ ಕೆಳಗೆ ಬಂತು. ನಾನು ಹಾಸಿಗೆ ಸುರುಳಿಯ ಜೊತೆ ಗದ್ದೆಯ ಕೆಸರಿಗೆ ಬಿದ್ದೆ, ಅದಕ್ಕೇ ಉಳಿದೆ. ಮಾವನಿಗೆ ತರಚು ಗಾಯ. ಅತ್ತೆಯ ಕಾಲು ಮುರಿದು, ಕೊನೆಯ ತನಕ ಎಳೆದುಕೊಂಡೇ ನಡೆದಳು. ಚಿಕ್ಕಪ್ಪನ ಎದೆ ಸ್ಟೇರಿಂಗಿಗೂ ಸೀಟಿಗೂ ನಡುವೆ ಸಿಕ್ಕಿತ್ತು. ಅವನ ಬಾಯಿಯಲ್ಲಿ ಮದುವೆಯ ಎಲೆಅಡಿಕೆಯ ಕೆಂಪು ಇನ್ನೂ ಹಾಗೇ ಇತ್ತು. ರಕ್ತ ಯಾವುದು, ಎಲೆಅಡಿಕೆ ಯಾವುದು ತಿಳಿಯಲಿಲ್ಲ.

ಕಿತ್ತಿರದ ಅದೇ ಚಪ್ಪರದ ಮುಂದೆ ನ್ಯಾಯ ಸೇರಿತು. ಹೆಣ್ಣಿನ ಗಾಡಿ ಓಡಿಸಲು ಬಿಡಲಿಲ್ಲವೆಂಬ ಹೊಟ್ಟೆಕಿಚ್ಚಿಗೆ ಬ್ರೇಕು ಬಿಚ್ಚಿಟ್ಟಿದ್ದಾನೆ, ಎಂದು ಯಾರೋ ಮೊದಲು ಅಂದರು. ಸಂಜೆಯೊಳಗೆ ಊರೇ ಅಂದಿತು. ಅಪ್ಪ ಕಣ್ಣೀರು ಬತ್ತಿದ ಮುಖದಲ್ಲಿ ಕೂತಿದ್ದರು. ಚಪ್ಪರದಿಂದ ದೂರದಲ್ಲಿ, ಬಿಸಿಲಿನಲ್ಲಿ, ಡ್ರೈವರನ್ನು ನಿಲ್ಲಿಸಿದ್ದರು. “ಬ್ರೇಕ್ ಕೆಟ್ಟಿದ್ರೆ ಯಾಕ್ಲಾ ಬಾಯ್ಬುಡ್ಲಿಲ್ಲ?” ಎಂದು ಒಬ್ಬರು ಗದರಿದರು.

“ಏಳ್ದೆ ಬುದ್ದೀ. ಚಿಕ್ಕೌಡ್ರ ಕೈಲಿ ಏಳಿ ಕಳಿಸ್ದೆ. ಕೇಳಿ ಬೇಕಾರೆ.”

ಊರೆಲ್ಲ ನನ್ನ ಕಡೆ ತಿರುಗಿತು. ಅಪ್ಪ ನನ್ನನ್ನು ಹತ್ತಿರ ಎಳೆದುಕೊಂಡು, ಮೃದುವಾಗಿಯೇ ಕೇಳಿದರು: “ಹೇಳಿದ್ನೇನ್ಲಾ ಮಗ?” ಹೊಡೆಯುತ್ತೇನೆ ಎಂದಿದ್ದರೆ ನಿಜ ಹೇಳಿಬಿಡುತ್ತಿದ್ದೆನೋ ಏನೋ. ಆ ಮೃದುವಾದ ದನಿಗೆ, ಚಿಕ್ಕಪ್ಪನನ್ನು ಕೊಂದವನು ನಾನು ಎಂದು ಹೇಳಲು ಆಗಲಿಲ್ಲ.

“ನಂಗೇನೂ ಹೇಳ್ಲಿಲ್ಲ.”

ಡ್ರೈವರು ನನ್ನನ್ನು ನೋಡಿದರು. ಸಿಟ್ಟಿನಿಂದಲ್ಲ. ಗಾಡಿ ಇದ್ದಕ್ಕಿದ್ದಂತೆ ನಿಂತಾಗ ಇಂಜಿನ್ನನ್ನು ನೋಡುತ್ತಿದ್ದರಲ್ಲ, ಎಲ್ಲಿ ಏನಾಯಿತು ಎಂದು, ಹಾಗೆ. ಹುಣಿಸೆ ಬರಲಿನಿಂದ ಅವರನ್ನು ಹೊಡೆದದ್ದನ್ನು, ಗಾಡಿ ಹಿಡಿಯುವ ಕೈ ಇದೇ ತಾನೆ ಎಂದು ಬಲಗೈಯ ಮೇಲೆ ಕಲ್ಲು ಹಾಕಿದ್ದನ್ನು ನಾನು ಅಜ್ಜಿಯ ಸೆರಗಿನ ಮರೆಯಿಂದ ಕೇಳಿಸಿಕೊಂಡೆ. ಅವರ ಮನೆಯವರು ಪಾತ್ರೆ ಪಗಡೆ ತಲೆಯ ಮೇಲಿಟ್ಟುಕೊಂಡು ಊರು ಬಿಟ್ಟರು. ಅತ್ತೆಯನ್ನು ಅವಳ ಗಂಡನ ಮನೆಯಲ್ಲಿ ಕಾಲ್ಗುಣ ಸರಿಯಿಲ್ಲದವಳು ಎಂದರು. ಕುಂಟುವ ಕಾಲನ್ನೇ ನೋಡಿ ಅಂದರು. ಮಾರಲೂ ಮನಸ್ಸಿಲ್ಲದೆ, ನೋಡಲೂ ಆಗದೆ ಅಪ್ಪ ಪಿಕಪ್ಪನ್ನು ಕೊಟ್ಟಿಗೆಗೆ ಸೇರಿಸಿ ಸೋಗೆ ಮುಚ್ಚಿಸಿದರು. ಮನೆಯಲ್ಲಿ ಆಮೇಲೆ ಯಾರೂ ಗಟ್ಟಿಯಾಗಿ ನಗಲಿಲ್ಲ. ಅದು ಬೀಳುವ ಮೊದಲೇ ಆ ತೊಟ್ಟಿಮನೆ ಹೋಗಿತ್ತು.

ದೊಡ್ಡವನಾಗಿ, ಮದುವೆಯಾಗಿ, ಮಗಳೂ ಹುಟ್ಟಿದ ಮೇಲೆ ಒಮ್ಮೆ ಅತ್ತೆಯನ್ನು ನೋಡಿಕೊಂಡು ಬರುವಾಗ ಮಳವಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಆ ಡ್ರೈವರನ್ನು ಕಂಡೆ. ಕಡಲೆಕಾಯಿ ಮಾರುತ್ತಿದ್ದರು. ಬಲಗೈ ಬೆರಳುಗಳು ಒಳಕ್ಕೆ ಮಡಿಚಿಕೊಂಡಿದ್ದವು. ಎಡಗೈಯಿಂದ ಅಳೆದು ಹಾಕುತ್ತಿದ್ದರು. ನಾನು ಮುಖ ತಿರುಗಿಸುವಷ್ಟರಲ್ಲಿ ಅವರೇ ಗುರುತು ಹಿಡಿದು ಎದ್ದು ನಿಂತರು.

“ಚೆಂದಾಗಿದೀರಾ ಚಿಕ್ಕೌಡ್ರೇ? ಅತ್ತೆಯೋರು ಉಸಾರಾಗವ್ರಾ?”

“ಹ್ಞೂಂ,” ಎಂದೆ.

“ಗಾಡಿ ಈಗ್ಲೂ ಅದಾ?”

“ಅದೆ.”

“ನೀರು ಬೀಳಂಗೆ ಬುಡಬ್ಯಾಡಿ. ಒಳ್ಳೇ ಇಂಜಿನ್ನು ಅದು.” ಅಷ್ಟೇ ಅಂದರು. ನನ್ನ ಬಸ್ಸು ಇನ್ನೂ ಹೊರಟಿರಲಿಲ್ಲ. ಸಮಯವಿತ್ತು. ಪಕ್ಕದಲ್ಲಿ ನಮ್ಮೂರಿನವರೊಬ್ಬರು ನಿಂತಿದ್ದರು; ಅವರ ಎದುರಿಗೆ ಹೇಗೆ ಎಂದುಕೊಂಡು ನಾನು ಬಸ್ಸು ಹತ್ತಿದೆ. ಮುಂದಿನ ಸಲ ಎಂದುಕೊಂಡೆ. ಮುಂದಿನ ಸಲ ಆ ಜಾಗದಲ್ಲಿ ಬೇರೆ ಯಾರೋ ಹೂವು ಮಾರುತ್ತಿದ್ದರು.

ಚೇತನ ಇಂಜಿನ್ನು ಇಳಿಸಿದ, ಸೀಮೆಎಣ್ಣೆಯಲ್ಲಿ ನೆನೆಸಿದ, ಬಾಡಿಯ ತುಕ್ಕನ್ನು ಉಜ್ಜಿ ಉಜ್ಜಿ, ಮತ್ತೆ ತುಕ್ಕು ಹಿಡಿಯದಿರಲೆಂದು ಮೊದಲ ಕೋಟಿಗೆ ಕೆಂಪು ಬಣ್ಣ ಬಳಿದ. ಬ್ರೇಕು ಬಿಚ್ಚಿದ ದಿನ ಕೈಯೆಲ್ಲ ಕಪ್ಪು ಮಾಡಿಕೊಂಡು ನನ್ನ ಹತ್ತಿರ ಬಂದು ಕೂತ. ಮನೆಯಲ್ಲಿ ಬೆಳೆದ ಎಲ್ಲರಂತೆ ಅವನೂ ಡ್ರೈವರು ಬ್ರೇಕು ಬಿಚ್ಚಿಟ್ಟನೆಂಬ ಕತೆ ಕೇಳಿಯೇ ಬೆಳೆದವನು.

“ತಾತ, ಈ ಪೈಪನ್ನ ಯಾರೂ ಬಿಚ್ಚಿಲ್ಲ ಕಣೋ. ನಟ್ಟಿನ ಮೇಲೆ ಮಿಲಿಟರಿಯೋರ ಬಣ್ಣ ಹಂಗೇ ಅದೆ. ಒಳಗಡೆ ರಬ್ಬರು ತಿಂದೋಗದೆ, ಅಷ್ಟೆ. ಆ ಡ್ರೈವರು ಏನೂ ಮಾಡಿರ್ಲಿಲ್ಲ ಅನ್ಸುತ್ತೆ.” ಚಿಂದಿ ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತಾ ಕೇಳಿದ: “ಅವ್ನು ಯಾರಿಗೂ ಹೇಳಿರ್ಲಿಲ್ವಾ, ಬ್ರೇಕ್ ಕೆಟ್ಟದೆ ಅಂತ?”

ಇಷ್ಟು ವಯಸ್ಸಾಗಿದೆ ನನಗೆ. ಅಪ್ಪನಿಲ್ಲ, ಅಜ್ಜಿಯಿಲ್ಲ, ಅಂದು ಹುಣಿಸೆ ಬರಲು ಹಿಡಿದವರು ಯಾರೂ ಇಲ್ಲ. ಎದುರಿಗೆ ಇದ್ದವನು ನನ್ನನ್ನು ಪ್ರೀತಿಸುವ ಹುಡುಗ. ಅದೇ ಕಷ್ಟವಾಯಿತು.

“ನಂಗೊತ್ತಿಲ್ಲ ಕಣಪ್ಪ,” ಎಂದೆ.

ನಿನ್ನೆ ಬಣ್ಣದವನು ಬಂದಿದ್ದ. ಹಸಿರು ಬಳಿದು ಮುಗಿಸಿ, ಬಾಗಿಲ ಮೇಲೆ ಏನು ಬರೆಯಲಿ ಎಂದ. ಚೇತನ ನನ್ನನ್ನು ಕೇಳದೆಯೇ ಚಿಕ್ಕಪ್ಪನ ಹೆಸರು ಹೇಳಿದ, ನೆನಪಿಗೆ ಇರಲಿ ಎಂದು. ಬಣ್ಣದವನು ಬಳ್ಳಿ ಹೂವಿನ ನಡುವೆ ಅದನ್ನು ಚೆನ್ನಾಗಿಯೇ ಬರೆದ. ಬಣ್ಣ ಒಣಗುವುದಕ್ಕೆಂದು ಗಾಡಿ ಅಂಗಳದಲ್ಲೇ ನಿಂತಿದೆ. ಮುಂದಿನ ವಾರ ಯಾರದೋ ಹೆಣ್ಣು ಗಂಡು ಅದರ ಮುಂದೆ ನಿಂತು ನಗುತ್ತಾರೆ, ನಗಲಿ. ಬಾಯಲ್ಲಿ ಹೇಳಲಾಗದ್ದನ್ನು ಇಂದು ಬೆಳಿಗ್ಗೆ ಕೂತು ಬರೆದೆ. ಚೇತನ ಇದನ್ನು ಓದುತ್ತಾನೆ, ಅವನ ಅಮ್ಮನೂ ಓದುತ್ತಾಳೆ. ಯಾರಲ್ಲಿ ಕ್ಷಮೆ ಕೇಳಬೇಕಿತ್ತೋ ಅವರು ಯಾವ ಊರಿನಲ್ಲಿ ತೀರಿಕೊಂಡರು, ಯಾರು ಮಣ್ಣು ಮಾಡಿದರು ಎಂದು ಕೂಡ ನನಗೆ ತಿಳಿಯದು. ನಾನು ಹೇಳದೆ ಉಳಿಸಿದ ಮಾತು ಅವರದು. ಅವರ ಹೆಸರು ಹೊಂಬಾಳಯ್ಯ.