ಕೆಂಪು ಕಂಡರೆ ಬ್ಯಾಡಗಿ

ಮೋಡದ ಮೇಲೆ ವಿಮಾನದ ಸದ್ದು ಕೇಳಿದರೆ ಈಗಲೂ ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತೇನೆ. ಒಂದು ಕಾಲಕ್ಕೆ ಆ ಸದ್ದಿಗಾಗಿ ಊಟ ಬಿಟ್ಟು ಅಂಗಳಕ್ಕೆ ಓಡುತ್ತಿದ್ದವನು ನಾನು.

ಆಗ ಹಾವೇರಿಯಲ್ಲಿ ಮಾಸ್ತರಿಕೆ ಮಾಡುತ್ತಿದ್ದೆ. ಮಹಾಯುದ್ಧ ಮುಗಿದು, ಸೈನಿಕರನ್ನು ಹೊತ್ತ ವಿಮಾನಗಳು ಈಗ ರೊಕ್ಕ ಕೊಟ್ಟವರನ್ನೂ ಹೊತ್ತು ಹಾರತೊಡಗಿದ್ದವು. ರವಿವಾರ ಬಂತೆಂದರೆ ರೈಲು ಹಿಡಿದು ರಾಣೆಬೆನ್ನೂರಿಗೆ ಹೊರಡುತ್ತಿದ್ದೆ. ನಡುವೆ ಬ್ಯಾಡಗಿಯಲ್ಲಿ ನನ್ನ ಅಕ್ಕನ ಗಂಡ, ನಮ್ಮ ಭಾವ, ಹತ್ತಿಕೊಳ್ಳುತ್ತಿದ್ದರು. ರಾಣೆಬೆನ್ನೂರು ಸ್ಟೇಷನ್ನಿನಲ್ಲಿ ಟಿಕೀಟು ಕೊಡುವ ಗೆಳೆಯನೊಬ್ಬನಿದ್ದ. ಮೊದಲ ದರ್ಜೆಯವರು ಓದಿ ಬಿಟ್ಟುಹೋದ ಮುಂಬಯಿ ಪತ್ರಿಕೆಗಳನ್ನು ಅವನು ನಮಗಾಗಿ ಎತ್ತಿಡುತ್ತಿದ್ದ. ವಿಮಾನದ ಚಿತ್ರವೊಂದು ಸಿಕ್ಕರೆ ನಮ್ಮ ಚಹಾ ಆರಿಹೋಗುತ್ತಿತ್ತು.

ಮೂವರಲ್ಲಿ ಒಬ್ಬರೂ ವಿಮಾನವನ್ನು ಹತ್ತಿರದಿಂದ ಕಂಡವರಲ್ಲ. ಆದರೂ ಯಾವ ವಿಮಾನದ ಕುರ್ಚಿ ಎಷ್ಟು ಹಿಂದಕ್ಕೆ ವಾಲುತ್ತದೆ, ಕಿವಿಗೆ ಹತ್ತಿ ಕೊಡುತ್ತಾರೋ ಪೆಪ್ಪರಮಿಂಟು ಕೊಡುತ್ತಾರೋ, ಕುಡಿಯಲು ಕಾಫಿಯೋ ಶರಬತ್ತೋ ಎಂದು ಜಗಳವಾಡುತ್ತಿದ್ದೆವು. ಕೂಸು ಹುಟ್ಟುವ ಮುಂಚೆ ಕುಲಾವಿ ಅನ್ನುತ್ತಾರಲ್ಲ, ಹಾಗೆ. ಚಕ್ಕಡಿಯಲ್ಲಿ ಬೆನ್ನು ಮುರಿದುಕೊಂಡಿದ್ದ ಭಾವನಿಗೆ ಮೆತ್ತನೆಯ ಕುರ್ಚಿಯ ಮೇಲೆ ವಿಶೇಷ ಭಕ್ತಿ.

ಒಂದು ಮಳೆಗಾಲ ಘಟ್ಟದ ಕಡೆ ವಿಮಾನವೊಂದು ಕಾಣೆಯಾಯಿತು. ಪತ್ರಿಕೆಗಳು ಕೆಲವು ದಿನ ಬರೆದು ಸುಮ್ಮನಾದವು. ಗುಡ್ಡಕ್ಕೆ ಬಡಿದಿರಬೇಕು ಎಂದು ಗೆಳೆಯ, ಸಮುದ್ರಕ್ಕೆ ಬಿದ್ದಿರಬೇಕು ಎಂದು ನಾನು. ಭಾವ ಎರಡನ್ನೂ ಒಪ್ಪಲಿಲ್ಲ.

“ಸಿಗೂತನಕ ಹೋತು ಅನ್ನಬಾರದು,” ಅಂದರು. “ಹಾರೇದ, ಇನ್ನೂ ಇಳಿದಿಲ್ಲ. ಅಷ್ಟ ಖರೇ.”

ಆ ಮಾತು ಅವರಿಗೇ ಬಹಳ ಹಿಡಿಸಿತು. ಮನೆಗೆ ಹೋಗಿ ಅಕ್ಕನ ಮುಂದೆಯೂ ಹೇಳಿದರಂತೆ.

ಅಕ್ಕನ ಮಾವನವರದು ಮೆಣಸಿನಕಾಯಿ ವ್ಯಾಪಾರ. ಸುಗ್ಗಿಯಲ್ಲಿ ಊರ ಹೊರಗಿನ ಅವರ ಕಣ, ಅದರಾಚೆಯ ಕಣಗಳು, ಎಲ್ಲ ಒಣಹಾಕಿದ ಕಾಯಿಯಿಂದ ಕೆಂಪಗೆ ಕಾಣುತ್ತಿದ್ದವು. ವಿಮಾನ ನಡೆಸುವವರು ಈ ಕೆಂಪು ನೋಡಿಯೇ ಬ್ಯಾಡಗಿ ಬಂತೆಂದು ದಾರಿಯ ಗುರುತು ಹಿಡಿಯುತ್ತಾರೆ ಎಂದು ಭಾವ ಹೇಳುತ್ತಿದ್ದರು. ಯಾವ ಪತ್ರಿಕೆಯಲ್ಲೂ ಹಾಗೆ ಇರಲಿಲ್ಲ. ಲೋಕವೆಲ್ಲ ತಮ್ಮ ಮೆಣಸಿನಕಾಯಿಯನ್ನೇ ನೋಡುತ್ತದೆ ಎಂದು ಬ್ಯಾಡಗಿಯವರು ಮೊದಲಿಂದಲೂ ನಂಬಿದವರು. ಅಕ್ಕನೂ ನಂಬಿದಳು.

ಮರುಸುಗ್ಗಿಯಲ್ಲಿ ಭಾವ ವ್ಯಾಪಾರದ ಕೆಲಸಕ್ಕೆ ಮುಂಬಯಿಗೆ ಹೋದರು. ಬರುವಾಗ ವಿಮಾನದಲ್ಲಿ ಬೆಂಗಳೂರಿಗೆ ಹಾರಿ, ಅಲ್ಲಿಂದ ರೈಲಿನಲ್ಲಿ ಹಿಂದಕ್ಕೆ ಬ್ಯಾಡಗಿಗೆ ಬರುವುದೆಂದು ಗೊತ್ತುಮಾಡಿಕೊಂಡಿದ್ದರು. ಮನೆಯ ಮೇಲೇ ಹಾರಿಹೋಗಿ ಆಮೇಲೆ ಮನೆಗೆ ಬರುವ ಶಾಣ್ಯಾನನ್ನು ತಾವು ಕಂಡಿಲ್ಲ ಎಂದು ಮಾವನವರು ನಕ್ಕರು. ಹೊರಡುವ ಮುಂಚೆ ಭಾವ ಅಕ್ಕನಿಗೆ ಒಂದು ಕೆಲಸ ಹೇಳಿದ್ದರು. ಆ ದಿನ ಕಣದ ಕೆಂಪಿನ ನಡುವೆ ಅವರ ಬಿಳಿ ಧೋತರ ಹಾಸಿರಬೇಕು. ಮೇಲಿಂದ ಅವರು ಮನೆಯ ಗುರುತು ಹಿಡಿಯುತ್ತಾರೆ. ಬೆಂಗಳೂರಿನಲ್ಲಿ ಇಳಿದ ಕೂಡಲೇ ತಂತಿಯಾಪೀಸಿಗೆ ಹೋಗಿ ತಾರು ಕಳಿಸುತ್ತಾರೆ.

ಆ ದಿನ ಗೆಳೆಯನೂ ನಾನೂ ಕಣಕ್ಕೆ ಹೋಗಿದ್ದೆವು. ಧೋತರ ಹಾಸಿಯಾಗಿತ್ತು. ಮಧ್ಯಾಹ್ನಕ್ಕೆ ಪಡುವಣದಲ್ಲಿ ಕಪ್ಪಿಟ್ಟಿತು. ಅಡ್ಡಮಳೆಗೆ ತೋಯ್ದ ಕಾಯಿ ಕರ್ರಗಾಗಿ ಬೂಸು ಹಿಡಿಯುತ್ತದೆ, ಆಮೇಲೆ ಯಾರೂ ಮೂಸುವುದಿಲ್ಲ. ಹೆಣ್ಣಾಳುಗಳು ಗಡಬಡಿಸಿ ಕಾಯಿ ಬಾಚಿ ಗುಂಪಿ ಮಾಡತೊಡಗಿದರು. ವಿಮಾನ ದಾಟುವತನಕ ನಡುವಿನಷ್ಟಾದರೂ ಬಿಡಬೇಕೆಂದು ಅಕ್ಕ ಮಾವನವರನ್ನು ಕೇಳಿಕೊಂಡಳು.

“ಅಂವ ಇಳಿಯೂದು ಬೆಂಗಳೂರಾಗ, ಯವ್ವಾ,” ಅಂದರು ಅವರು. “ಮಳಿ ಇಳಿಯೂದು ಇಲ್ಲೇ.”

ಅದರಲ್ಲಿ ತಪ್ಪೇನೂ ಇರಲಿಲ್ಲ. ಕೆಂಪೆಲ್ಲ ತಾಡಪತ್ರಿಯ ಕೆಳಗೆ ಹೋಯಿತು. ಅಕ್ಕ ಧೋತರ ಮಡಚಿ ತೋಳ ಮೇಲೆ ಹಾಕಿಕೊಂಡಳು.

ಆಗ ಸದ್ದು ಬಂತು. ಮೋಡದ ಮೇಲಿತ್ತು, ಕಾಣಲಿಲ್ಲ. ತೆಂಕಣಕ್ಕೆ ಹೋಯಿತು, ಕ್ಷೀಣಿಸಿತು ಅನ್ನುವಷ್ಟರಲ್ಲಿ ತಿರುಗಿ ಬಂತು. ಮತ್ತೆ ನಮ್ಮ ತಲೆಯ ಮೇಲೆ ಹಾಯ್ದು ಪಡುವಣಕ್ಕೆ ಹೊರಳಿತು. ಅಕ್ಕ ಬರಿಗಣದ ನಡುವೆ ನಿಂತು ಮಡಚಿದ ಧೋತರವನ್ನು ಮತ್ತೆ ಬಿಚ್ಚುತ್ತಿದ್ದಳು. ತಾಡಪತ್ರಿಯ ಮೇಲೆ ಮಳೆ ಬಡಿಯತೊಡಗಿದ ಮೇಲೆ ಬೇರೇನೂ ಕೇಳಿಸಲಿಲ್ಲ.

ತಾರು ಬರಲಿಲ್ಲ. ಗೆಳೆಯ ವಿಚಾರಿಸಿದಾಗ ವಿಮಾನ ಬೆಂಗಳೂರು ಮುಟ್ಟಿಲ್ಲವೆಂದು ತಿಳಿಯಿತು. ನಾವು ಕೇಳಿದ ಸದ್ದು ಅದೇ ವಿಮಾನದ್ದೋ ಬೇರೆಯದೋ, ನನಗೆ ಇಂದಿಗೂ ಗೊತ್ತಿಲ್ಲ. ಘಟ್ಟದಲ್ಲಿ ಹುಡುಕಿದರು, ಒಂದು ಚೂರೂ ಸಿಗಲಿಲ್ಲ. ಪತ್ರಿಕೆಗಳು ಕೆಲವು ದಿನ ಬರೆದು ಸುಮ್ಮನಾದವು. ನಾವಿಬ್ಬರೂ ಆಮೇಲೆ ಸ್ಟೇಷನ್ನಿನಲ್ಲಿ ಕೂತು ಚಹಾ ಕುಡಿದೆವು, ಮಳೆ ಬೆಳೆಯ ಮಾತಾಡಿದೆವು.

ದೀಪಾವಳಿ ಕಳೆದ ಮೇಲೆ ಮನೆತನದ ಹಿರಿಯರು ಕೂಡಿದರು. ಎಷ್ಟು ದಿನ ಹೀಗೆ, ಸೊಸೆಯ ಕುಂಕುಮ ತೆಗೆಸಿ ಮುಂದಿನ ಕಾರ್ಯ ಮುಗಿಸಬೇಕು ಎಂದು ಮಾತೆತ್ತಿದರು. ಮಾವನವರು ನೆಲ ನೋಡುತ್ತ ಕೂತಿದ್ದರು. ಅಕ್ಕ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಳು.

“ಸಿಗೂತನಕ ಹೋತು ಅನ್ನಬ್ಯಾಡ್ರಿ,” ಅಂದಳು. “ಹಾರೇದ, ಇನ್ನೂ ಇಳಿದಿಲ್ಲ. ಅಷ್ಟ ಖರೇ.”

ಚಹಾ ಕುಡಿಯುತ್ತ ಆಡಿದ್ದ ಮಾತು ಅದು. ಅವಳು ಅದನ್ನೇ ಹಿಡಿದು ಬದುಕುವವಳಿದ್ದಳು. ಹಿರಿಯರು ಎದ್ದು ಹೋದರು.

ಮುಂದಿನ ಸುಗ್ಗಿಯಲ್ಲಿ ಒಂದು ಮಧ್ಯಾಹ್ನ ಮತ್ತೆ ಪಡುವಣ ಕಪ್ಪಿಟ್ಟಿತು. ಆಳುಗಳು ಕಾಯಿ ಬಾಚುತ್ತ ಕಣದ ನಡುವಿಗೆ ಬಂದಾಗ ಮಾವನವರು ಕೈ ಅಡ್ಡ ಹಿಡಿದರು.

“ಅದು ಇರಲಿ,” ಅಂದರು.

ಮೊದಲ ಹನಿಗಳು ಬಿದ್ದವು. ಅಕ್ಕ ಆ ಕೆಂಪಿನ ಮೇಲೆ ಧೋತರ ಹಾಸಿದಳು. ಗಾಳಿಗೆ ಅದು ಏಳತೊಡಗಿದಾಗ ಮಾವನವರು ತಾವೇ ಬಗ್ಗಿ ಮೂಲೆಗಳಿಗೆ ಕಲ್ಲು ಇಟ್ಟರು.