ಯಾರ್ಯಾರನ್ನು ಮುಟ್ಟಿದ್ದೆ

ಅರಸೀಕೆರೆಯ ಆಸ್ಪತ್ರೆಯೊಂದರ ಮಕ್ಕಳ ವಾರ್ಡಿನಲ್ಲಿ ನಾನು ನರ್ಸಾಗಿದ್ದೆ. ಬಾಣಾವರದ ಕಡೆಯ ಒಂದು ಮಗು ಜ್ವರವೆಂದು ಸೇರಿತ್ತು. ತಾಯಿ ಊಟಕ್ಕೆ ಹೋದರೆ ಸಾಕು, ಅಳು. ಎತ್ತಿಕೊಂಡು ಕಿಟಕಿಯ ಹತ್ತಿರ ನಿಲ್ಲುತ್ತಿದ್ದೆ. ಮರುದಿನ ಅದರ ಎದೆಯ ಮೇಲೆ ನೀರುಗುಳ್ಳೆಗಳೆದ್ದವು. ಸೀತಾಳೆ ಸಿಡುಬು. ಮಗುವನ್ನು ಬೇರೆ ಕೋಣೆಗೆ ಸಾಗಿಸಿದರು. ನಮ್ಮಲ್ಲಿ ಯಾರಿಗೆ ಮೊದಲೇ ಆಗಿದೆ ಎಂದು ವಿಚಾರಿಸಿದರು. ಚಿಕ್ಕಂದಿನಲ್ಲೇ ಆಗಿದೆ ಎಂದು ನಂಬಿದ್ದೆ, ಹಾಗೇ ಹೇಳಿದೆ.

ಎರಡು ವಾರ ಕಳೆದಿರಬೇಕು. ಬೆಳಿಗ್ಗೆ ತಲೆ ಬಾಚುವಾಗ ನೆತ್ತಿಯ ಮೇಲೆ ಒಂದು ಗುಳ್ಳೆ ಕೈಗೆ ಸಿಕ್ಕಿತು. ಕುತ್ತಿಗೆಯಲ್ಲೂ ಇದ್ದವು. ನನ್ನೂರು ಅರೇಹಳ್ಳಿಗೆ ಫೋನು ಮಾಡಿ, ನನಗೆ ಚಿಕ್ಕಂದಿನಲ್ಲಿ ಆಗಿತ್ತಲ್ಲವೇ ಎಂದು ಅಮ್ಮನನ್ನು ಕೇಳಿದೆ.

“ಆಗಿದ್ದು ನಿಮ್ಮಣ್ಣಂಗೆ ಕಣೇ, ನಿಂಗಲ್ಲ,” ಎಂದಳು ಅಮ್ಮ. “ಇರು, ಈಗಿನ ಬಸ್ಸಿಗೇ ಬತ್ತೀನಿ.”

“ಬೇಡಮ್ಮ. ಮನೇಲಿ ಅತ್ತಿಗೆ ಬಸುರಿ. ನಿಂಗೆ ಆಗಿತ್ತಾ?”

ಅವಳಿಗೆ ನೆನಪಿರಲಿಲ್ಲ. ಬರಲೇಬೇಡ ಎಂದೆ.

ಆಮೇಲೆ ಆಸ್ಪತ್ರೆಗೆ ತಿಳಿಸಿದೆ. ಅಲ್ಲಿಂದ ಡಾಕ್ಟರು ಕರೆ ಮಾಡಿದರು. “ನಿನ್ನೆ ಮೊನ್ನೆ ಯಾರ್ಯಾರನ್ನ ಮುಟ್ಟಿದ್ರಿ, ನೆನಪು ಮಾಡ್ಕೊಂಡು ಹೇಳಿ ಸಿಸ್ಟರ್. ಗುಳ್ಳೆ ಏಳೋಕೆ ಮುಂಚೇನೇ ಹರಡುತ್ತೆ.”

ಕಣ್ಣು ಮುಚ್ಚಿ ಒಂದೊಂದೇ ಮಂಚದ ಬಳಿ ನಿಂತೆ. ಇವನಿಗೆ ಸೂಜಿ ಚುಚ್ಚಿದ್ದೆ, ಅವಳ ಬೆನ್ನು ಒರೆಸಿದ್ದೆ. ಮೂಲೆಯ ಮಂಚದ ಹುಡುಗಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಎರಡು ಜಡೆ ಹಾಕಿದ್ದೆ. ಹೇಳುತ್ತಾ ಹೋದಂತೆ ಒಬ್ಬರನ್ನೂ ಬಿಟ್ಟಿಲ್ಲವೆನಿಸಿತು.

“ಆಸ್ಪತ್ರೆ ಹೊರಗಡೆ?”

ನಡೆದೇ ಬರುತ್ತೇನೆ. ಅಂಗಡಿಯಲ್ಲಿ ಮೊಸರಿನ ಪ್ಯಾಕೆಟ್ ತೆಗೆದುಕೊಂಡಿದ್ದೆ, ಅಷ್ಟೆ.

“ಯಾರೂ ಇಲ್ಲ ಸರ್.”

“ಯಾರನ್ನೂ ಮಾತಾಡಿಸ್ಲಿಲ್ವಾ? ಮನೇಲಿ?”

“ಒಬ್ಳೇ ಇರೋದು.”

“ಸದ್ಯ, ಒಳ್ಳೇದಾಯ್ತು,” ಎಂದರು. ರೋಗದ ಲೆಕ್ಕದಲ್ಲಿ ಅದು ನಿಜವೇ. ಆದರೂ ಫೋನು ಇಟ್ಟ ಮೇಲೆ ಆ ಮಾತು ಕೋಣೆಯಲ್ಲೇ ಉಳಿಯಿತು.

ಮನೆಯ ಯಜಮಾನರು ಕೊಬ್ಬರಿ ವ್ಯಾಪಾರಿಗಳು. ಅವರ ಹಿತ್ತಲಿನ ಕೋಣೆಯಲ್ಲಿ ನಾನು ಬಾಡಿಗೆಗಿದ್ದೆ. ಅವರ ಹೆಂಡತಿ ನನ್ನ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿದರು. ದಿನವೂ ಮೊಸರನ್ನದ ಡಬ್ಬಿ ತಂದಿಟ್ಟು, “ಇಲ್ಲಿಟ್ಟಿದೀನಿ ಸಿಸ್ಟರ್, ನಾನು ಹೋದ್ಮೇಲೆ ತಗೊಳ್ಳಿ,” ಎನ್ನುತ್ತಿದ್ದರು. ಒಳ್ಳೆಯ ಹೆಂಗಸು. ಅವರ ಚಪ್ಪಲಿಯ ಸದ್ದು ದೂರವಾಗುವವರೆಗೂ ಕಾಯುತ್ತಿದ್ದೆ. ಬೆನ್ನಿನ ಗುಳ್ಳೆಗಳಿಗೆ ನನ್ನ ಕೈ ಎಟುಕುತ್ತಿರಲಿಲ್ಲ. ಮುಲಾಮು ಹಚ್ಚಲು ಯಾರೂ ಇಲ್ಲದೆ ಅವು ತಾವಾಗಿಯೇ ಒಣಗಿದವು.

ಹುಣ್ಣುಗಳೆಲ್ಲ ಒಣಗಿ ಕೆಲಸಕ್ಕೆ ಮರಳಿದಾಗ ವಾರ್ಡಿನಲ್ಲಿ ಎಲ್ಲ ಹೊಸ ಮಕ್ಕಳು. ಎಷ್ಟೋ ದಿನಗಳ ನಂತರ ಸಂತೆಯಲ್ಲಿ ಆ ಜಡೆಯ ಹುಡುಗಿ ತಾಯಿಯೊಂದಿಗೆ ಸಿಕ್ಕಳು. ಹಣೆಯ ಮೇಲೆ ಕಲೆಗಳಿದ್ದವು. ಮನೆಗೆ ಹೋದ ಮೇಲೆ ಎದ್ದಿತ್ತಂತೆ.

“ಆಸ್ಪತ್ರೆಯೋರು ಮೊದ್ಲೇ ಹೇಳಿದ್ರು, ಅದ್ಕೆ ಭಯ ಬೀಳ್ಲಿಲ್ಲ,” ಎಂದಳು ತಾಯಿ. “ಒಂದು ವಾರ ನನ್ನ ಮಗ್ಲಿಂದ ಏಳ್ಲಿಲ್ಲ ಇವ್ಳು.” ಆಮೇಲೆ ನನ್ನ ಮುಖವನ್ನೇ ನೋಡಿ, “ನಿಮ್ಗೂ ಆಗಿತ್ತಂತಲ್ಲ ಸಿಸ್ಟರ್, ಯಾರು ನೋಡ್ಕೊಂಡ್ರು?” ಎಂದು ಕೇಳಿದಳು.

“ಮನೆಯವ್ರಿದ್ರು,” ಎಂದೆ.