ಸರಕಾರದ ಮೇಲೆ ಹೊಟ್ಟೆಕಿಚ್ಚು

ಜನ ಅಕ್ಕಪಕ್ಕದವರ ಮೇಲೆ ಹೊಟ್ಟೆಕಿಚ್ಚು ಪಡುತ್ತಾರೆ. ನಾನು ಪಟ್ಟದ್ದು ಸರಕಾರದ ಮೇಲೆ, ಅದೂ ಅದು ಒಳ್ಳೆಯ ಕೆಲಸ ಮಾಡಿದ್ದಕ್ಕೆ!

ನಿವೃತ್ತ ಮೇಷ್ಟ್ರಾದ ನನ್ನ ಬೋಳಾರದ ಮನೆಯಲ್ಲಿ ಕಂಪ್ಯೂಟರ್ ಇದೆ, ಇಂಟರ್ನೆಟ್ ಇದೆ, ಬೇಕಾದಷ್ಟು ಸಮಯವೂ ಇದೆ. ಹೊಳೆಯಾಚೆಯ ಬೆಂಗ್ರೆಯಲ್ಲಿ ಬಲೆ ಹೆಣೆಯುವ ಲೀಲಕ್ಕನ ಪರಿಚಯವಾದದ್ದು ಬ್ಯಾಂಕಿನ ಕ್ಯೂನಲ್ಲಿ. ಅವರ ವಿಧವಾ ಪಿಂಚಣಿಗೆ ನಾನೇ ಅರ್ಜಿ ಹಾಕಿಕೊಟ್ಟೆ. ಆಮೇಲೆ ಅವರ ಹಿಂದೆ ಅರ್ಧ ಬೆಂಗ್ರೆಯೇ ದೋಣಿ ಹತ್ತಿ ಬಂತು: ಮಕ್ಕಳ ವಿದ್ಯಾರ್ಥಿವೇತನ, ಗ್ಯಾಸು, ರೇಷನ್ ಕಾರ್ಡು. ದುಡ್ಡು ನಾನು ಮುಟ್ಟಿದವನಲ್ಲ. ಆದರೆ ಬರಿಗೈಯಲ್ಲಿ ಬರುವ ಪದ್ಧತಿ ಅವರಲ್ಲಿಲ್ಲ. ಪ್ಲಾಸ್ಟಿಕ್ ತೊಟ್ಟೆಯಲ್ಲಿ ನಾಲ್ಕು ಬಂಗುಡೆಯೋ ಒಂದು ಹಿಡಿ ಬೂತಾಯಿಯೋ ಇದ್ದೇ ಇರುತ್ತಿತ್ತು. ಜಗಲಿಯಲ್ಲಿ ಕಾಯುವವರನ್ನು ಕಂಡಾಗ ಮೀನಿಗಿಂತ ರುಚಿಯಾದ ಇನ್ನೊಂದು ಸುಖವೂ ಇತ್ತು: ನಾನಿಲ್ಲದೆ ಇವರಿಗೆ ನಡೆಯುವುದಿಲ್ಲ.

ಅಷ್ಟರಲ್ಲಿ ಸರಕಾರ ಬೆಂಗ್ರೆಯಲ್ಲೇ ಉಚಿತ ಡಿಜಿಟಲ್ ಕೇಂದ್ರ ತೆರೆಯಿತು. ನನ್ನ ಜಗಲಿ ಖಾಲಿಯಾಯಿತು. ಬಡವರಿಗೂ ಇಂಟರ್ನೆಟ್ ಸಿಗಬೇಕೆಂದು ಸಭೆಗಳಲ್ಲಿ ಭಾಷಣ ಬಿಗಿದವನು ನಾನೇ. ಸಿಕ್ಕಿದ ಮೇಲೆ ಸಂಕಟಪಟ್ಟವನೂ ನಾನೇ. ನಮ್ಮ ಅಲಂಕಾರಶಾಸ್ತ್ರದಲ್ಲಿ ಅಸೂಯೆ ಒಂದು ಸಂಚಾರಿ ಭಾವ, ಎಂದರೆ ಬಂದು ಹೋಗುವಂಥದ್ದು. ನನ್ನದು ಬಂದದ್ದು ಹೌದು, ಹೋಗುವ ಲಕ್ಷಣ ಕಾಣಲಿಲ್ಲ. "ಎಂತ, ಇವತ್ತೂ ಯಾರೂ ಬರ್ಲಿಲ್ವಾ?" ಎಂದು ಹೆಂಡತಿ ಖಾಲಿ ಬಾಣಲೆ ತೋರಿಸಿದಾಗ ಉರಿ ಇನ್ನಷ್ಟು ಏರುತ್ತಿತ್ತು.

ಎದುರಾಳಿಯನ್ನು ನೋಡಿಯೇ ಬಿಡೋಣವೆಂದು ಒಂದು ದಿನ ದೋಣಿ ಹತ್ತಿದೆ. ನೆಪಕ್ಕೆ ನನ್ನ ಪಿಂಚಣಿಗೆ ವರ್ಷವರ್ಷವೂ ಕೊಡಬೇಕಾದ ಜೀವಿತ ಪ್ರಮಾಣಪತ್ರ ಇತ್ತು. ನಾನು ಬದುಕಿದ್ದೇನೆಂದು ಮುಖ ತೋರಿಸಿದರೂ ನನ್ನ ಮೊಬೈಲು ಒಪ್ಪುತ್ತಿರಲಿಲ್ಲ. ಬರಿಗೈಯಲ್ಲಿ ಹೋಗುವುದು ಹೇಗೆ? ಹೋಟೆಲಿನಿಂದ ಬಿಸಿ ಗೋಳಿಬಜೆ ಕಟ್ಟಿಸಿಕೊಂಡೆ.

ಕೇಂದ್ರದ ಹುಡುಗಿ ಸುಮ್ಮನೆ ಕೂತಿದ್ದಳು. ಸೋಮಾರಿ ಎಂದು ನನಗೆ ಖುಷಿಯಾಯಿತು. ನೋಡಿದರೆ, ಕಂಪ್ಯೂಟರಿನ ಮುಂದೆ ಲೀಲಕ್ಕ! ಮೊಮ್ಮಗಳ ಅರ್ಜಿಯನ್ನು ಒಂದೊಂದೇ ಅಕ್ಷರ ಒತ್ತಿ ತಾವೇ ತುಂಬುತ್ತಿದ್ದರು. ನಾನು ಮಾಡಿಕೊಡುತ್ತಿದ್ದೆ; ಈ ಹುಡುಗಿ ಕಲಿಸಿದ್ದಳು. ಹೊಟ್ಟೆಕಿಚ್ಚಿಗೆ ಇದಕ್ಕಿಂತ ಒಳ್ಳೆಯ ಕಾರಣ ಬೇಕೆ?

ನನ್ನನ್ನು ಬೆಳಕಿಗೆ ತಿರುಗಿಸಿ, ನಾನು ಬದುಕಿದ್ದೇನೆಂದು ಹುಡುಗಿ ಮೊಬೈಲನ್ನು ಒಪ್ಪಿಸಿದಳು. ಗೋಳಿಬಜೆ ಮಾತ್ರ ಮುಟ್ಟಲಿಲ್ಲ. "ಬೇಡ ಸರ್, ಇಲ್ಲಿ ಎಂತದೂ ತೆಗೊಳ್ಳಲಿಕ್ಕಿಲ್ಲ. ಇದು ನಿಮ್ಮ ಹಕ್ಕಲ್ವಾ?" ಹಾಗಾದರೆ ನನ್ನ ಜಗಲಿಯಲ್ಲಿ ಸಿಗುತ್ತಿದ್ದದ್ದು ಉಪಕಾರ, ಬಂಗುಡೆ ಅದರ ಬೆಲೆ. ಮುಖ ಸಣ್ಣದು ಮಾಡಿಕೊಂಡು ದೋಣಿಗೆ ಕಾಯುತ್ತ ನಿಂತೆ.

ಲೀಲಕ್ಕ ಮನೆಗೆ ಹೋಗಿ ಬಂದರು, ಕೈಯಲ್ಲಿ ತೊಟ್ಟೆ. "ಮಾಷ್ಟ್ರೇ, ಬಂಗುಡೆ."

"ಯಾಕೆ ಲೀಲಕ್ಕ? ಈಗ ನಿಮ್ಮ ಕೆಲಸ ಎಂತದೂ ನಾನು ಮಾಡುವುದಿಲ್ಲವಲ್ಲ."

"ಇಷ್ಟು ದಿನ ಕೆಲಸಕ್ಕೆ ಕೊಟ್ಟದ್ದು ಅಂತ ಗ್ರಹಿಸಿದ್ರಾ ಮಾರಾಯ್ರೆ? ನಿಮ್ಮ ಮನೆಯವರಿಗೆ ಬಂಗುಡೆ ಅಂದ್ರೆ ಜೀವ ಅಲ್ವಾ, ಅದಕ್ಕೆ."

ಗೋಳಿಬಜೆಯ ಪೊಟ್ಟಣ ಅವರ ಕೈಗಿತ್ತೆ. ಆದರೂ ನಾಲಗೆ ತಡೆಯಲಿಲ್ಲ: "ಆ ಹುಡುಗಿಗೂ ಬಂಗುಡೆ ಕೊಟ್ಟಿದ್ದೀರಾ?"

"ಎಷ್ಟು ಹೇಳಿದ್ರೂ ಅವಳು ತೆಗೊಳ್ಳುದೇ ಇಲ್ಲ. ನಿಯಮ ಅಂತೆ."

ಸರಕಾರ ಮಾಡಿದ ಅಷ್ಟೂ ನಿಯಮಗಳಲ್ಲಿ ನನಗೆ ಮನಸಾರೆ ಹಿಡಿಸಿದ್ದು ಇದೊಂದೇ.